ಸೆಕೆಂಡ್ ಹ್ಯಾಂಡ್ ಕಾರಿಗೆ ಚೌಕಾಸಿ: ಡೀಲರ್ ಬಳಿ ಹೋಗುವ ಮೊದಲಿನಿಂದ ಕೀಲಿ ಕೈಗೆ ಬರುವವರೆಗೆ

ಚೌಕಾಸಿ ಮಾಡಲು ಮಾತಿನ ಚಾತುರ್ಯ ಬೇಕು ಎಂದು ಹೆಚ್ಚಿನವರು ನಂಬಿದ್ದಾರೆ. ಮಾತಿನಲ್ಲಿ ಡೀಲರನ್ನು ಗೆಲ್ಲುವುದು ಕಷ್ಟ. ನೀವು ಐದಾರು ವರ್ಷಕ್ಕೊಮ್ಮೆ ಕಾರು ಕೊಳ್ಳುತ್ತೀರಿ, ಎದುರಿಗೆ ಕೂತವರಿಗೆ ಅದೇ ದಿನನಿತ್ಯದ ಕೆಲಸ. ಆದರೆ ಅಂಥದ್ದೇ ಕಾರು ಬೇರೆಡೆ ಎಷ್ಟಕ್ಕೆ ಸಿಗುತ್ತದೆ, ಈ ಕಾರಿಗೆ ಕೊಂಡ ಮೇಲೆ ಇನ್ನೆಷ್ಟು ಸುರಿಯಬೇಕಾಗುತ್ತದೆ ಎಂಬುದು ಅಂಕಿಯಲ್ಲಿ ಗೊತ್ತಿದ್ದು, ಬೇಡವೆಂದು ಎದ್ದು ಬರಲು ಮನಸ್ಸು ಗಟ್ಟಿಯಿದ್ದರೆ, ನಾಲ್ಕು ಮಾತು ನೆಟ್ಟಗೆ ಆಡಲು ಬಾರದವರಿಗೂ ಬೆಲೆ ಇಳಿಯುತ್ತದೆ. ಕೆಲಸದ ಮುಕ್ಕಾಲು ಪಾಲು ಮಾತುಕತೆಗೆ ಕೂರುವ ಮೊದಲೇ ಮುಗಿದಿರಬೇಕು. ಹಾಗಾಗಿ ಈ ಬರಹದಲ್ಲೂ ತಯಾರಿಗೇ ಹೆಚ್ಚು ಜಾಗ.

ಮೊದಲು ಡೀಲರ್‌ನ ಲೆಕ್ಕ

ಡೀಲರ್ ಕಾರನ್ನು ಹರಾಜಿನಲ್ಲೋ ಎಕ್ಸ್‌ಚೇಂಜ್‌ನಲ್ಲೋ ನೇರವಾಗಿ ಮಾಲೀಕರಿಂದಲೋ ಕೊಂಡಿರುತ್ತಾನೆ. ಅದರ ಮೇಲೆ ತೊಳೆಸುವುದು, ಪಾಲಿಶ್, ಸಣ್ಣಪುಟ್ಟ ರಿಪೇರಿ, ಸಾಗಾಟ ಎಂದು ಖರ್ಚಾಗಿರುತ್ತದೆ. ಅನೇಕ ಡೀಲರ್‌ಗಳು ಸಾಲ ತೆಗೆದೇ ಕಾರುಗಳನ್ನು ತುಂಬಿಕೊಂಡಿರುತ್ತಾರೆ. ಕಾರು ಅಂಗಳದಲ್ಲಿ ನಿಂತಷ್ಟು ದಿನವೂ ಬಡ್ಡಿ ಓಡುತ್ತದೆ, ಜಾಗ ಕಟ್ಟಿಹಾಕಿದಂತಾಗುತ್ತದೆ, ಕಾರಿಗೆ ವಯಸ್ಸಾಗುತ್ತದೆ. ನಿನ್ನೆ ಬಂದ ಕಾರಿಗೂ ಎರಡು ತಿಂಗಳಿಂದ ನಿಂತ ಕಾರಿಗೂ ಬೆಲೆಯ ವಿಚಾರದಲ್ಲಿ ಡೀಲರ್‌ನ ಮನಸ್ಥಿತಿ ಬೇರೆ ಬೇರೆ ಆಗಿರುವುದು ಇದಕ್ಕೇ.

ಕಾರು ಎಷ್ಟು ದಿನದಿಂದ ನಿಂತಿದೆ ಎಂದು ಕೇಳಿದರೆ "ಮೊನ್ನೆಯಷ್ಟೇ ಬಂತು" ಎಂಬ ಉತ್ತರ ಸಿಗಬಹುದು. ನೀವೇ ಕಂಡುಕೊಳ್ಳುವುದು ಒಳ್ಳೆಯದು. ಆನ್‌ಲೈನ್ ಜಾಹೀರಾತು ಕಣ್ಣಿಗೆ ಬಿದ್ದ ದಿನವೇ ಅದರ ಸ್ಕ್ರೀನ್‌ಶಾಟ್ ತೆಗೆದು ತಾರೀಖು ಬರೆದಿಡಿ. ಬೆಲೆ ಒಮ್ಮೆ ಇಳಿದಿದ್ದರೆ ಇನ್ನೊಮ್ಮೆ ಇಳಿಯುವ ಸಾಧ್ಯತೆ ಇದ್ದೇ ಇದೆ. ಕಾರಿನ ಹತ್ತಿರ ಹೋದಾಗ ಚಕ್ರದ ಸಂದಿಯಿಂದ ಬ್ರೇಕ್ ಡಿಸ್ಕ್ ನೋಡಿ. ಒಂದೆರಡು ದಿನ ನಿಂತರೆ ತೆಳುವಾದ ಕಂದು ಬಣ್ಣ ಬರುತ್ತದೆ, ಅದು ಸಹಜ. ದಪ್ಪಗೆ, ಚಕ್ಕೆಚಕ್ಕೆಯಾಗಿ ತುಕ್ಕು ಹಿಡಿದಿದ್ದರೆ ಬಹಳ ದಿನದಿಂದ ಕದಲಿಲ್ಲ. ಬ್ಯಾಟರಿ ಸೋತು, ಬೇರೆ ಬ್ಯಾಟರಿಗೆ ವೈರ್ ಹಚ್ಚಿ ಸ್ಟಾರ್ಟ್ ಮಾಡಿದರೆ ಅದೂ ಒಂದು ಸುಳಿವು.

ಇನ್ನೊಂದು ವಿಷಯ. ಡೀಲರ್‌ನ ಲಾಭ ಕಾರಿನ ಬೆಲೆಯಲ್ಲಿ ಮಾತ್ರ ಇರುವುದಿಲ್ಲ. ಸಾಲ ಮಾಡಿಸಿಕೊಟ್ಟರೆ ಕಮಿಷನ್, ವಿಮೆ ಮಾಡಿಸಿದರೆ ಕಮಿಷನ್, ಹೆಚ್ಚುವರಿ ವಾರಂಟಿ, ಕೋಟಿಂಗ್, ಸೀಟ್ ಕವರ್, ನಿಮ್ಮ ಹಳೆಯ ಕಾರನ್ನು ಕಡಿಮೆಗೆ ಕೊಂಡು ಹೆಚ್ಚಿಗೆ ಮಾರುವುದು, ಹೀಗೆ ಹತ್ತು ಬಾಗಿಲುಗಳಿವೆ. ಮುಂದಿನ ಬಾಗಿಲಲ್ಲಿ ನೀವು ಇಳಿಸಿದ ಮೊತ್ತ ಹಿಂದಿನ ಬಾಗಿಲಲ್ಲಿ ವಾಪಸ್ ಹೋಗದಂತೆ ನೋಡಿಕೊಳ್ಳುವುದೂ ಚೌಕಾಸಿಯೇ.

ಡೀಲರ್ ಬಳಿ ಕೊಂಡರೆ ಮಾಲೀಕರಿಂದ ನೇರ ಕೊಳ್ಳುವುದಕ್ಕಿಂತ ಬೆಲೆ ಹೆಚ್ಚಿರುವುದು ಅನ್ಯಾಯವೇನಲ್ಲ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧ ಹಳೆ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿತ್ತು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಸರಾಸರಿ ಬೆಲೆ ಕಟ್ಟುತ್ತಾನೆ, ಒಳ್ಳೆಯ ಕಾರಿನ ಮಾಲೀಕ ಆ ಬೆಲೆಗೆ ಮಾರದೆ ಹಿಂದೆ ಸರಿಯುತ್ತಾನೆ, ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟವೇ ಎಂಬುದು ಅವರ ವಾದ. ಇಂಥ ಕೆಲಸಗಳಿಗಾಗಿ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಸಿಕ್ಕಿತು. ಡೀಲರ್ ನಿಮ್ಮಿಂದ ಹೆಚ್ಚಿಗೆ ಪಡೆಯುವ ಮೊತ್ತ ಈ ಅಪನಂಬಿಕೆಯನ್ನು ನೀಗಿಸುವುದಕ್ಕೆ, ಅಂದರೆ ಪರೀಕ್ಷೆ, ದಾಖಲೆ, ವಾರಂಟಿಗೆ. ಇವು ಮೂರೂ ಕೊಡದೆ ಡೀಲರ್ ಬೆಲೆ ಮಾತ್ರ ಕೇಳಿದರೆ, ಇಳಿಸುವಂತೆ ಕೇಳುವುದು ನಿಮ್ಮ ಹಕ್ಕು.

ಹಂತ 1: ನಿಮ್ಮ ಅಂಕಿ ಕಟ್ಟಿಕೊಳ್ಳಿ

ನೋಡಬೇಕೆಂದಿರುವ ಕಾರಿನದೇ ಮಾದರಿ, ವರ್ಷ, ಇಂಧನ, ಗೇರ್‌ಬಾಕ್ಸ್, ವೇರಿಯಂಟ್ ಇರುವ, ಹತ್ತಿರಹತ್ತಿರ ಅಷ್ಟೇ ಓಡಿರುವ 8-10 ಕಾರುಗಳ ಬೆಲೆ ಪಟ್ಟಿ ಮಾಡಿ. ವೇರಿಯಂಟ್ ತಪ್ಪಿದರೆ ಇಡೀ ಹೋಲಿಕೆಯೇ ತಪ್ಪುತ್ತದೆ. ಒಂದೇ ಹೆಸರಿನ ಕಾರಿನ ತಳದ ವೇರಿಯಂಟಿಗೂ ಮೇಲಿನದಕ್ಕೂ ಹೊಸದಾಗಿದ್ದಾಗಲೇ ದೊಡ್ಡ ಅಂತರ ಇರುತ್ತದೆ. ತೀರಾ ಅಗ್ಗದ್ದನ್ನೂ ತೀರಾ ದುಬಾರಿಯದನ್ನೂ ಬಿಟ್ಟು ನಡುವಿನ ಬೆಲೆ ಹಿಡಿಯಿರಿ. ಅದು ಕೇಳುತ್ತಿರುವ ಬೆಲೆ ಮಾತ್ರ, ಮಾರಾಟವಾದ ಬೆಲೆ ಅದಕ್ಕಿಂತ ಕೆಳಗಿರುತ್ತದೆ.

ಎಷ್ಟು ಓಡಿದೆ ಎಂಬುದನ್ನು ನೋಡುವಾಗ ದುಂಡು ಅಂಕಿಯ ಮೋಹಕ್ಕೆ ಬೀಳಬೇಡಿ. ಅಮೆರಿಕದ ಸಗಟು ಹರಾಜುಗಳಲ್ಲಿ ನಡೆದ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಹಳೆ ಕಾರುಗಳ ವ್ಯವಹಾರಗಳನ್ನು ಪರಿಶೀಲಿಸಿದ, 2012ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕೆ ಕಂಡದ್ದು ಇದು: ಓಡೋಮೀಟರ್ ಪ್ರತಿ 10,000 ಮೈಲಿಯ ಗಡಿ ದಾಟಿದ ತಕ್ಷಣ ಬೆಲೆ ಒಮ್ಮೆಲೇ ಕುಸಿಯುತ್ತದೆ. 79,900ಕ್ಕೂ 80,100ಕ್ಕೂ ಯಂತ್ರದಲ್ಲಿ ಏನೂ ವ್ಯತ್ಯಾಸವಿಲ್ಲ, ಮನುಷ್ಯರ ಕಣ್ಣಿಗೆ ಇದೆ. ಹಾಗಾಗಿ ಗಡಿಯನ್ನು ಈಗಷ್ಟೇ ದಾಟಿದ ಕಾರನ್ನು ಹುಡುಕಿ. ಅದೇ ಕಾರು ಕಡಿಮೆಗೆ ಸಿಗುತ್ತದೆ.

ಲೆಕ್ಕಕ್ಕೊಂದು ಉದಾಹರಣೆ ಇಟ್ಟುಕೊಳ್ಳೋಣ. ಹಣ ಯಾವ ದೇಶದ್ದಾದರೂ ಆಗಲಿ, ಪ್ರಮಾಣ ನೋಡಿಕೊಳ್ಳಿ. ಡೀಲರ್ ಹೇಳಿದ ಬೆಲೆ 5,00,000. ನಿಮ್ಮ ಪಟ್ಟಿಯ ನಡುವಿನ ಬೆಲೆ 4,85,000. ಕಾರಿಗೆ ಕೂಡಲೇ ಆಗಬೇಕಾದ ಕೆಲಸ 27,000 (ಇದು ಹೇಗೆ ಬಂತು ಎಂಬುದು ಮುಂದಿನ ಹಂತದಲ್ಲಿದೆ). ಹಾಗಾದರೆ ಇದಕ್ಕೆ ನೀವು ಕೊಡಬಹುದಾದ ಗರಿಷ್ಠ ಮೊತ್ತ 4,58,000. ಇದು ನಿಮ್ಮ ಗೆರೆ. ಗುರಿ 4,45,000. ಮೊದಲು ಹೇಳುವ ಬೆಲೆ 4,28,000. ಈ ಮೂರನ್ನೂ ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಹೊಸ ಕಾರಿನ ಸೀಟಿನಲ್ಲಿ ಕೂತು ಸ್ಟಿಯರಿಂಗ್ ಹಿಡಿದ ಮೇಲೆ ಗೆರೆ ತಾನಾಗಿಯೇ ಮೇಲೇರತೊಡಗುತ್ತದೆ. ಮನೆಯಲ್ಲಿ ತಣ್ಣಗೆ ಕೂತು ಬರೆದ ಅಂಕಿ ಆಗ ಕೈ ಹಿಡಿಯುತ್ತದೆ. ಗೆರೆ ಬದಲಾಗಬೇಕಾದರೆ ಕಾರಿನ ಬಗ್ಗೆ ಹೊಸ ಸಂಗತಿ ಗೊತ್ತಾಗಬೇಕು. ಡೀಲರ್‌ನ ಮಾತು ಹೊಸ ಸಂಗತಿಯಲ್ಲ.

ಹಂತ 2: ಹುಳುಕುಗಳಿಗೆ ಬೆಲೆ ಕಟ್ಟಿ

ಇಡೀ ಚೌಕಾಸಿಯ ಬೆನ್ನೆಲುಬು ಇದು. "ಗಾಡಿ ಸ್ವಲ್ಪ ಹಳೇದಾಗಿದೆ, ಕಡಿಮೆ ಮಾಡಿ" ಎಂದರೆ ಯಾರೂ ಕಿವಿಗೊಡುವುದಿಲ್ಲ. "ನಾಲ್ಕು ಟೈರ್ ಬದಲಿಸಬೇಕು, ಅದಕ್ಕೆ 16,000" ಎಂದರೆ ಉತ್ತರ ಕೊಡಲೇಬೇಕಾಗುತ್ತದೆ.

ಟೈರ್‌ನಿಂದಲೇ ಆರಂಭಿಸಿ, ಯಾಕೆಂದರೆ ಅದು ಸುಳ್ಳು ಹೇಳುವುದಿಲ್ಲ. ಟೈರಿನ ಪಕ್ಕದ ಗೋಡೆಯಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3521 ಎಂದಿದ್ದರೆ 2021ರ 35ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಟೈರಿನ ಒಳಬದಿಯಲ್ಲಿರುತ್ತದೆ, ಬಗ್ಗಿ ನೋಡಿ. ಕಾರು ಬಹಳ ಕಡಿಮೆ ಓಡಿದೆ ಎನ್ನುತ್ತಾರೆ, ಆದರೆ ಟೈರ್ ಕಾರಿಗಿಂತ ಮೂರು ವರ್ಷ ಹೊಸದು. ಹಾಗಿದ್ದರೆ ಮೊದಲ ಜೊತೆ ಸವೆದದ್ದು ಹೇಗೆ ಎಂದು ಕೇಳಬಹುದು. ಟೈರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಪಟ್ಟಿಗಳಿರುತ್ತವೆ. ರಬ್ಬರ್ ಸವೆದು ಆ ಪಟ್ಟಿಯ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಮಾತ್ರ ಉಳಿದಿದೆ ಎಂದರ್ಥ, ಬಹಳಷ್ಟು ದೇಶಗಳಲ್ಲಿ ಕಾನೂನಿನ ಕನಿಷ್ಠ ಮಿತಿ ಅದೇ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಸಸ್ಪೆನ್ಷನ್ ಕಡೆ ಗಮನ ಹೋಗಬೇಕು.

ಓಡೋಮೀಟರ್ ತಿರುಚುವುದು ಎಲ್ಲ ಕಡೆಯೂ ಇರುವ ಹಾವಳಿ. ಅಂಕಿಯನ್ನು ತಿರುಚಬಹುದು, ಸವೆತವನ್ನು ತಿರುಚುವುದು ಕಷ್ಟ. ಬ್ರೇಕ್ ಮತ್ತು ಕ್ಲಚ್ ಪೆಡಲಿನ ರಬ್ಬರ್ ನುಣುಪಾಗಿದೆಯೇ, ಚಾಲಕನ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದೆಯೇ, ಸ್ಟಿಯರಿಂಗ್ ಮೇಲ್ಭಾಗ ಹೊಳೆಯುತ್ತಿದೆಯೇ ನೋಡಿ. ಸರ್ವೀಸ್ ದಾಖಲೆಯಲ್ಲಿ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತಾರೆ. ಅವು ಏರುತ್ತಲೇ ಬಂದಿರಬೇಕು. ಪೆಡಲಿನ ರಬ್ಬರ್ ಮಾತ್ರ ಹೊಚ್ಚ ಹೊಸದಾಗಿದ್ದರೆ ಅದೂ ಅನುಮಾನಕ್ಕೆ ಕಾರಣವೇ.

ಅಪಘಾತದ ಗುರುತು ಹುಡುಕಲು ಬಾನೆಟ್ ಎತ್ತಿ. ಬಾನೆಟ್ ಮತ್ತು ಮುಂದಿನ ಫೆಂಡರ್ ಹಿಡಿದಿಟ್ಟ ಬೋಲ್ಟ್‌ಗಳ ತಲೆಯ ಮೇಲೆ ಕಾರಿನದೇ ಬಣ್ಣ ಇರುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದ ಬೋಲ್ಟಿನ ಮೂಲೆಗಳಲ್ಲಿ ಆ ಬಣ್ಣ ಎದ್ದಿರುತ್ತದೆ. ಅಂದರೆ ಆ ಭಾಗ ಒಮ್ಮೆ ಕಳಚಿದೆ. ನಾಲ್ಕೂ ಬಾಗಿಲು, ಡಿಕ್ಕಿಯ ಬೋಲ್ಟ್‌ಗಳನ್ನೂ ಹೀಗೇ ನೋಡಿ. ಗಾಜುಗಳ ಮೂಲೆಯಲ್ಲಿ ಅಚ್ಚಾಗಿರುವ ಕಂಪನಿಯ ಗುರುತು ಒಂದರಲ್ಲಿ ಮಾತ್ರ ಬೇರೆಯಿದ್ದರೆ ಆ ಗಾಜು ಬದಲಾಗಿದೆ. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದು ಬಾಗಿಲಲ್ಲಿ ಮಾತ್ರ ಅದು 600-700 ತೋರಿಸಿದರೆ ಬಣ್ಣದ ಕೆಳಗೆ ತಗ್ಗು ಮುಚ್ಚುವ ಪುಟ್ಟಿ ಮೆತ್ತಿದ್ದಾರೆ. ಬಂಪರ್ ತಾಗಿ ಮಾಡಿದ ಬಣ್ಣಕ್ಕೆ ಹೆದರಬೇಕಿಲ್ಲ, ಅದಕ್ಕೆ ಬೆಲೆ ಇಳಿಸಿ ಮುಂದುವರಿಯಬಹುದು. ಚಾಸಿಯ ಕಂಬಗಳಲ್ಲಿ ಹೊಸ ವೆಲ್ಡಿಂಗ್ ಕಂಡರೆ ಮಾತ್ರ ಬೆಲೆಯ ಮಾತೇ ಎತ್ತಬೇಡಿ, ಹೊರಡಿ.

ನೀರಿನಲ್ಲಿ ಮುಳುಗಿದ ಕಾರಿಗೂ ಅದೇ ಮಾತು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗೆ ಕಾಣುವ ಭಾಗ ತೊಳೆದಿರುತ್ತಾರೆ, ಒಳಗೆ ಸುರುಳಿ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಕಾರ್ಪೆಟ್ ಕೆಳಗಿನ ತೇವ, ಮುಗ್ಗಲು ವಾಸನೆ ಮುಚ್ಚಲು ಹಾಕಿದ ಗಾಢ ಸುಗಂಧ, ಇವೆಲ್ಲ ಒಂದೇ ಕಥೆ ಹೇಳುತ್ತವೆ. ಇಂದಿನ ಕಾರುಗಳ ತುಂಬ ವೈರಿಂಗ್ ಮತ್ತು ಕಂಪ್ಯೂಟರ್‌ಗಳಿರುವುದರಿಂದ ನೀರು ಕುಡಿದ ಕಾರಿನ ತೊಂದರೆ ಮುಗಿಯುವುದೇ ಇಲ್ಲ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ನೀವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಫೋನಿನಲ್ಲೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗಿನ ಸದ್ದು, ಹೊಗೆ, ಅದುರುವಿಕೆ ಬಿಸಿಯಾದ ಮೇಲೆ ಮರೆಯಾಗುತ್ತವೆ. ಟೆಸ್ಟ್ ಡ್ರೈವ್ ಡೀಲರ್ ಹೇಳಿದ ನುಣುಪು ರಸ್ತೆಯ ಸಣ್ಣ ಸುತ್ತಿಗೆ ಮುಗಿಯಬಾರದು. ಹಂಪ್, ಏರು, ವೇಗದ ರಸ್ತೆ ಮೂರೂ ಬೇಕು. ಆಗ ರೇಡಿಯೋ ಬಂದ್ ಇರಲಿ.

ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಜೋಡಿಸುವ ಕಿಂಡಿ ಸ್ಟಿಯರಿಂಗ್ ಕೆಳಗಿರುತ್ತದೆ. ಇದು ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯ, ಈಗ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೆ. ಮಾರುವ ಮೊದಲು ದೋಷದ ಕೋಡ್‌ಗಳನ್ನು ಅಳಿಸಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಆರಿಸುವವರಿದ್ದಾರೆ. ಅಳಿಸಿದಾಗ ಕಾರಿನ ಸ್ವಯಂ ಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ, ಒಂದಷ್ಟು ದೂರ ಓಡಿಸಿದ ಮೇಲೆಯೇ ಅವು ಪೂರ್ಣವಾಗುವುದು. ಹಾಗಾಗಿ "ಕೋಡ್ ಯಾವುದೂ ಇಲ್ಲ, ಆದರೆ ಪರೀಕ್ಷೆಗಳು ಬಾಕಿ" ಎಂದು ಸ್ಕ್ಯಾನರ್ ತೋರಿಸಿದರೆ, ಬ್ಯಾಟರಿಯನ್ನು ಈಚೆಗೆ ಬಿಚ್ಚಿರಬೇಕು ಇಲ್ಲವೇ ಯಾರೋ ಅಳಿಸಿರಬೇಕು. ಎಲೆಕ್ಟ್ರಿಕ್ ಕಾರಾದರೆ ಬ್ಯಾಟರಿಯಲ್ಲಿ ಎಷ್ಟು ಪ್ರತಿಶತ ಸಾಮರ್ಥ್ಯ ಉಳಿದಿದೆ ಎಂಬ ವರದಿ ಕೇಳಿ. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತವೆ. ಅದರಲ್ಲಿ ಉಳಿದಿರುವುದೆಷ್ಟು, ಅದು ಹೊಸ ಮಾಲೀಕರಿಗೆ ದಾಟುತ್ತದೆಯೇ ಎಂಬುದರ ಮೇಲೆ ಬೆಲೆ ನಿಂತಿದೆ.

ಇಷ್ಟೆಲ್ಲ ನೀವೇ ನೋಡಿದ ಮೇಲೂ ನಿಮ್ಮ ನಂಬಿಕೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಕೊಡುವ ಫೀಸು ಕಾರಿನ ಬೆಲೆಯ ಮುಂದೆ ಏನೂ ಅಲ್ಲ. ಅವರಿಂದ ಬಾಯಿಮಾತಿನ ಅಭಿಪ್ರಾಯ ಬೇಡ, ಬರೆದ ಪಟ್ಟಿ ಬೇಕು: ಟೈರ್ 16,000, ಬ್ರೇಕ್ ಪ್ಯಾಡ್ 4,000, ಆಯಿಲ್, ಫಿಲ್ಟರ್, ಬೆಲ್ಟ್ ಸೇರಿ ಸರ್ವೀಸ್ 7,000. ಒಟ್ಟು 27,000. ಹೊರಗಿನ ಮೆಕ್ಯಾನಿಕ್ ನೋಡಲು ಡೀಲರ್ ಬಿಡುವುದೇ ಇಲ್ಲ ಎಂದಾದರೆ ನಿಮಗೆ ಬೇಕಾದ ಉತ್ತರ ಸಿಕ್ಕಿದಂತೆಯೇ.

ಇಲ್ಲೊಂದು ನ್ಯಾಯದ ಮಾತು. ವಯಸ್ಸಿಗೆ ತಕ್ಕ ಸವೆತ ಮಾರುಕಟ್ಟೆಯ ಬೆಲೆಯಲ್ಲಿ ಆಗಲೇ ಸೇರಿಹೋಗಿದೆ. ಎಂಟು ವರ್ಷದ ಕಾರಿನ ಬಂಪರಿನ ಗೀರಿಗೆ ದುಡ್ಡು ಕಡಿಮೆ ಮಾಡಿ ಎಂದರೆ ನಿಮ್ಮ ಪಟ್ಟಿಯ ತೂಕವೇ ಕಡಿಮೆಯಾಗುತ್ತದೆ. ಅದೇ ವಯಸ್ಸಿನ ಬೇರೆ ಕಾರಿಗೆ ಬೇಡದ, ಇದಕ್ಕೆ ಮಾತ್ರ ಬೇಕಾದ ಖರ್ಚನ್ನಷ್ಟೇ ಎತ್ತಿ.

ಹಂತ 3: ದುಡ್ಡಿನ ದಾರಿ ಮೊದಲೇ ಮಾಡಿಕೊಳ್ಳಿ

ಸಾಲ ಬೇಕಿದ್ದರೆ ಡೀಲರ್ ಬಳಿ ಹೋಗುವ ಮೊದಲೇ ಬ್ಯಾಂಕಿನಲ್ಲಿ ಎಷ್ಟು ಸಿಗುತ್ತದೆ, ಯಾವ ಬಡ್ಡಿಗೆ ಎಂದು ಒಪ್ಪಿಗೆ ಪಡೆದಿರಿ. ಆಮೇಲೆ ಡೀಲರ್ ಇನ್ನೂ ಕಡಿಮೆ ಬಡ್ಡಿಗೆ ಮಾಡಿಸಿಕೊಟ್ಟರೆ ಸಂತೋಷವಾಗಿ ತೆಗೆದುಕೊಳ್ಳಬಹುದು.

"ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸರ್?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಅಂಕಿ ಹೇಳಬೇಡಿ. ಕಂತು ಎಷ್ಟಕ್ಕೆ ಬೇಕಾದರೂ ಇಳಿಯುತ್ತದೆ, ವರ್ಷ ಹೆಚ್ಚಿಸಿದರೆ ಆಯಿತು. ಶೇ. 10 ಬಡ್ಡಿಯಲ್ಲಿ 5 ಲಕ್ಷ ಸಾಲಕ್ಕೆ 3 ವರ್ಷದ ಕಂತು ಸುಮಾರು 16,130, ಒಟ್ಟು ಬಡ್ಡಿ ಸುಮಾರು 80,800. ಅದನ್ನೇ 5 ವರ್ಷಕ್ಕೆ ಹಾಕಿದರೆ ಕಂತು 10,620ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 1,37,400 ದಾಟುತ್ತದೆ. ಕಂತು ಹಗುರಾಯಿತೆಂದು ಖುಷಿಪಟ್ಟವರು 56,000ಕ್ಕೂ ಹೆಚ್ಚು ಕಳೆದುಕೊಂಡಿರುತ್ತಾರೆ, ಇಡೀ ಚೌಕಾಸಿಯಲ್ಲಿ ಇಳಿಸಿದ್ದಕ್ಕಿಂತ ಅದೇ ಜಾಸ್ತಿ. ಬಡ್ಡಿ ಫ್ಲಾಟ್ ದರವೋ (ಕೊನೆಯವರೆಗೂ ಮೊದಲಿನ ಪೂರ್ತಿ ಸಾಲದ ಮೇಲೆಯೇ ಬಡ್ಡಿ), ಉಳಿದ ಅಸಲಿನ ಮೇಲಿನ ದರವೋ ಎಂದೂ ಕೇಳಿ. 3 ವರ್ಷದ ಸಾಲಕ್ಕೆ ಶೇ. 10 ಫ್ಲಾಟ್ ಎಂದರೆ ಉಳಿದ ಅಸಲಿನ ಲೆಕ್ಕದಲ್ಲಿ ಸುಮಾರು ಶೇ. 18.

ನಿಮ್ಮ ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಹಾಕುವ ಯೋಚನೆ ಇದ್ದರೆ ಅದನ್ನು ಬೇರೆ ಎರಡು ಕಡೆ ತೋರಿಸಿ ಬೆಲೆ ತಿಳಿದುಕೊಂಡಿರಿ. ಹೊಸದಾಗಿ ಕೊಳ್ಳುವ ಕಾರಿನ ಬೆಲೆ ಮುಗಿಯುವವರೆಗೆ ಹಳೆಯದರ ಸುದ್ದಿ ಎತ್ತಬೇಡಿ. ಎರಡನ್ನೂ ಒಟ್ಟಿಗೆ ಕಲಸಿದರೆ ಯಾವುದರಲ್ಲಿ ಗೆದ್ದಿರಿ, ಯಾವುದರಲ್ಲಿ ಸೋತಿರಿ ಎಂದು ಗೊತ್ತೇ ಆಗುವುದಿಲ್ಲ.

ಹಂತ 4: ಮಾತುಕತೆ

ಮಾರಾಟದ ಟಾರ್ಗೆಟ್ ಇರುವ ಕಡೆ ತಿಂಗಳ ಕೊನೆಯ ದಿನಗಳು ಒಳ್ಳೆಯವು. ವಾರದ ನಡುವೆ ಹೋದರೆ ಜನ ಕಡಿಮೆ, ಮಾತಾಡಲು ಪುರುಸೊತ್ತು ಇರುತ್ತದೆ. ಮನೆಯವರನ್ನು ಕರೆದುಕೊಂಡು ಹೋಗುವುದಾದರೆ ಕಾರಿನ ಮುಂದೆ "ಎಷ್ಟು ಚೆನ್ನಾಗಿದೆ!" ಎನ್ನುವುದು ಬೇಡವೆಂದು ಮೊದಲೇ ಮಾತಾಡಿಕೊಳ್ಳಿ.

ಡೀಲರ್ ಹೇಳುವ ಮೊದಲ ಬೆಲೆ ಕೇಳಿದ ಕ್ಷಣದಿಂದ ನಿಮ್ಮ ತಲೆಯಲ್ಲಿ ಕೆಲಸ ಮಾಡತೊಡಗುತ್ತದೆ. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನ್ಮನ್ 1974ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಜನರ ಮುಂದೆ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದವರ ನಡುವಿನ ಉತ್ತರ 25, 65ಕ್ಕೆ ನಿಂತದ್ದನ್ನು ನೋಡಿದವರದು 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ಸಂಬಂಧವಿಲ್ಲದ ಅಂಕಿಯೇ ಇಷ್ಟು ಎಳೆಯುವುದಾದರೆ, ಗಾಜಿಗೆ ಅಂಟಿಸಿದ 5,00,000 ಎಷ್ಟು ಎಳೆಯಬೇಡ? ಹಾಗಾಗಿ ಅವರ ಅಂಕಿಯಿಂದ ಕೆಳಗಿಳಿಯುತ್ತಾ ಬರಬೇಡಿ, ನಿಮ್ಮ ಲೆಕ್ಕದಿಂದ ಮೇಲಕ್ಕೆ ಹೋಗಿ.

ಇನ್ನೂ ಒಂದು ಮಾತು, ಇದು ನನಗೆ ಬಹಳ ಮುಖ್ಯ ಅನಿಸುತ್ತದೆ. ಷಿಕಾಗೋದ ಹೊಸ ಕಾರಿನ ಡೀಲರ್‌ಗಳ ಬಳಿಗೆ ಒಂದೇ ಬಗೆಯ ಚೌಕಾಸಿ ಕಲಿಸಿದ ಜನರನ್ನು ಕಳಿಸಿ ನಡೆಸಿದ, 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಳಿಯ ಗಂಡಸರಿಗಿಂತ ಹೆಂಗಸರಿಗೂ ಕಪ್ಪುವರ್ಣೀಯರಿಗೂ ಹೆಚ್ಚಿನ ಬೆಲೆ ಹೇಳಿದ್ದು ಕಂಡುಬಂತು. ಮೊದಲ ಬೆಲೆ ಕಾರಿನ ಬಗ್ಗೆ ಹೇಳುವುದಕ್ಕಿಂತ, ಡೀಲರ್ ನಿಮ್ಮನ್ನು ನೋಡಿ ಏನೆಂದುಕೊಂಡ ಎಂಬುದನ್ನೇ ಹೆಚ್ಚು ಹೇಳುತ್ತಿರಬಹುದು. ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳು, ಮೊದಲ ಸಲ ಕಾರು ಕೊಳ್ಳುವವರು ಕೈಯಲ್ಲಿ ಬರೆದ ಪಟ್ಟಿ ಹಿಡಿದೇ ಕೂರಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ಮಾತು ಹೀಗೆ ಆರಂಭವಾಗಬಹುದು:

"ಸರ್, ಗಾಡಿ ನನಗೆ ಹಿಡಿಸಿದೆ. ಬೆಲೆ ಕುದುರಿದರೆ ಇವತ್ತೇ ಮುಂಗಡ ಕೊಡ್ತೀನಿ. ಇದೇ ವರ್ಷದ್ದು, ಇಷ್ಟೇ ಓಡಿರೋದು ಬೇರೆ ಕಡೆ 4,85,000 ಹೇಳ್ತಿದ್ದಾರೆ, ಅದೂ ಚೌಕಾಸಿಗೆ ಮುಂಚೆ. ಇದಕ್ಕೆ ಟೈರು, ಬ್ರೇಕು, ಸರ್ವೀಸು ಅಂತ 27,000 ಕೆಲಸ ಇದೆ, ನೋಡಿ ಪಟ್ಟಿ. ಎಲ್ಲ ಖರ್ಚೂ ಸೇರಿ 4,28,000ಕ್ಕೆ ಮಾಡಿಕೊಡಿ."

"ಆ ರೇಟಿಗೆ ನಮಗೇ ಬಿದ್ದಿಲ್ಲ ಸರ್. ಬೇಕಾದ್ರೆ 4,85,000 ಮಾಡ್ತೀನಿ."

ಈಗ ಸುಮ್ಮನಿರಿ. ಪಟ್ಟಿ ಮೇಜಿನ ಮೇಲೆ ಅವರ ಕಡೆಗೆ ತಿರುಗಿರಲಿ. ಮೌನ ತಡೆಯಲಾರದೆ ನೀವೇ "ಹೋಗ್ಲಿ, 4,50,000" ಎಂದುಬಿಟ್ಟರೆ ಅವರು ಏನೂ ಹೇಳದೆಯೇ ನೀವು 22,000 ಏರಿದಂತಾಯಿತು. ಅವರು "ಟೈರ್ ಇನ್ನೂ ಓಡುತ್ತೆ ಸರ್" ಎನ್ನಬಹುದು. ತಯಾರಾದ ವಾರ, ಉಳಿದ ರಬ್ಬರ್ ತೋರಿಸಿ. "ಹಾಗಾದ್ರೆ ಟೈರ್ ನೀವೇ ಹಾಕಿಸಿಕೊಡಿ, ಆ 16,000 ಪಟ್ಟಿಯಿಂದ ತೆಗೀತೀನಿ" ಎಂದರೆ ಅವರಿಗೂ ದಾರಿ ಸಿಗುತ್ತದೆ. ಡೀಲರ್‌ಗೆ ಟೈರ್ ನಿಮಗಿಂತ ಕಡಿಮೆಗೆ ಬೀಳುವುದರಿಂದ ಇಂಥ ಕೊಡುಕೊಳ್ಳುವಿಕೆ ಇಬ್ಬರಿಗೂ ಅನುಕೂಲ.

ಏರುವಾಗ ಪ್ರತಿ ಸಲವೂ ಹೆಜ್ಜೆ ಚಿಕ್ಕದಾಗಬೇಕು: 4,28,000ದಿಂದ 4,40,000, ಅಲ್ಲಿಂದ 4,46,000, ಆಮೇಲೆ 4,49,000. ಹನ್ನೆರಡು, ಆರು, ಮೂರು ಸಾವಿರ. ಇನ್ನು ಹೆಚ್ಚು ಉಳಿದಿಲ್ಲ ಎಂಬುದು ಹೇಳದೆಯೇ ಅರ್ಥವಾಗುತ್ತದೆ. ಅವರು ಇಳಿಯದೆ ನೀವು ಎರಡು ಸಲ ಸಾಲಾಗಿ ಏರಬೇಡಿ. 4,85,000, 4,72,000, 4,60,000 ಎಂದು ಅವರು ಇಳಿಯುತ್ತಾ ಬಂದರೆ ಎಲ್ಲೋ 4,52,000ದ ಹತ್ತಿರ ವ್ಯಾಪಾರ ಕುದುರುತ್ತದೆ. ಗುರಿ ಮುಟ್ಟಲಿಲ್ಲ, ಗೆರೆ ದಾಟಲಿಲ್ಲ. ಇದು ಒಳ್ಳೆಯ ವ್ಯಾಪಾರವೇ.

"ಮ್ಯಾನೇಜರ್‌ನ ಕೇಳಿ ಬರ್ತೀನಿ" ಎಂದು ಎದ್ದು ಹೋಗಿ ಬಹಳ ಹೊತ್ತು ಕಾಯಿಸುವುದುಂಟು. ಕಾದಷ್ಟೂ "ಇಷ್ಟು ಹೊತ್ತು ಕಳೆದಿದ್ದೇನೆ, ಬರಿಗೈಲಿ ಹೋಗುವುದು ಹೇಗೆ" ಎನ್ನಿಸುತ್ತದೆ. ಹಾಗೆನ್ನಿಸಿದಾಗ ಹೊರಗೆ ಹೋಗಿ ನಿಮ್ಮ ಚೀಟಿ ತೆಗೆದು ನೋಡಿ. "ಇನ್ನೊಬ್ಬರು ಸಂಜೆ ಅಡ್ವಾನ್ಸ್ ಕೊಡ್ತಾರೆ" ಎಂದರೆ ಅದು ನಿಜವೂ ಆಗಿರಬಹುದು, ಆದರೂ ನಿಮ್ಮ ಗೆರೆ ಅದೇ. ಕಾರನ್ನು ಹೀಯಾಳಿಸುವುದು, ದನಿ ಏರಿಸುವುದು ಬೇಡವೇ ಬೇಡ. ಎದುರಿಗೆ ಕೂತವರೂ ಸಂಬಳಕ್ಕೆ ದುಡಿಯುವವರು. ಗೌರವದಿಂದ ಮಾತಾಡಿದವರಿಗಾಗಿ ಮ್ಯಾನೇಜರ್ ಬಳಿ ಒಂದು ಮಾತು ಹೆಚ್ಚಿಗೆ ಆಡುತ್ತಾರೆ.

ಗೆರೆಯಿಂದ ಕೆಳಗೆ ಬರದಿದ್ದರೆ ನಿಮ್ಮ ಫೋನ್ ನಂಬರ್ ಮತ್ತು ಕೊನೆಯ ಬೆಲೆ ಬರೆದುಕೊಟ್ಟು, "ಈ ಬೆಲೆಗೆ ಆದರೆ ಫೋನ್ ಮಾಡಿ, ಶನಿವಾರದವರೆಗೆ ನೋಡ್ತೀನಿ" ಎಂದು ನಿಜವಾಗಿಯೂ ಹೊರಡಿ. ಬಾಗಿಲವರೆಗೆ ಹೋಗಿ ತಿರುಗಿ ನೋಡುವುದು ಬೇಡ. ಕರೆ ಬಂದರೂ ಬರಬಹುದು. ಬರದಿದ್ದರೆ ಆ ಕಾರಿನ ನಿಜವಾದ ಬೆಲೆ ನಿಮ್ಮ ಲೆಕ್ಕಕ್ಕಿಂತ ಮೇಲಿದೆ ಎಂದು ತಿಳಿಯಿತು, ಮುಂದಿನ ಲೆಕ್ಕಕ್ಕೆ ಅದು ಉಪಯೋಗ. ಇದಕ್ಕೆ ಮನಸ್ಸು ಒಪ್ಪಬೇಕಾದರೆ ಪಟ್ಟಿಯಲ್ಲಿ ಇನ್ನೊಂದು ಕಾರು ಇರಲೇಬೇಕು. ಒಂದೇ ಕಾರಿನ ಮೇಲೆ ಮನಸ್ಸಿಟ್ಟವರು ಚೌಕಾಸಿ ಮಾಡಲಾರರು.

ಬೆಲೆ ಮೊದಲೇ ನ್ಯಾಯವಾಗಿದ್ದರೆ? ದಾಖಲೆ ಪೂರ್ತಿ ಇರುವ, ಒಬ್ಬರೇ ಓಡಿಸಿದ, ನಿಮ್ಮ ಲೆಕ್ಕಕ್ಕಿಂತ ಕೆಳಗಿರುವ ಕಾರು ಸಿಕ್ಕರೆ ಒಂದು ಸಲ ಕೇಳಿ ನೋಡಿ, ಇಳಿಸದಿದ್ದರೂ ಕೊಂಡುಬಿಡಿ. ಐದು ಸಾವಿರಕ್ಕೆ ಗಿಂಜಾಡಿ ಅಂಥ ಕಾರು ಕಳೆದುಕೊಂಡರೆ ಇನ್ನೊಂದು ಸಿಗುವುದು ಕಷ್ಟ.

"ನಮ್ಮಲ್ಲಿ ಒಂದೇ ಬೆಲೆ, ಚೌಕಾಸಿ ಇಲ್ಲ" ಎನ್ನುವ ದೊಡ್ಡ ಮಳಿಗೆಗಳಲ್ಲಿ ಬೆಲೆಯ ಮೇಲೆ ಹಟ ಹಿಡಿದು ಪ್ರಯೋಜನವಿಲ್ಲ. ಅಲ್ಲಿ ಬೇರೆಯದನ್ನು ಕೇಳಿ: ಹೊಸ ಬ್ಯಾಟರಿ, ಟೈರ್, ಒಂದು ಪೂರ್ಣ ಸರ್ವೀಸ್, ವಾರಂಟಿಗೆ ಇನ್ನಾರು ತಿಂಗಳು, ಎರಡನೇ ಕೀಲಿ. ಎರಡನೇ ಕೀಲಿ ಸಣ್ಣ ವಿಷಯವಲ್ಲ. ಚಿಪ್ ಇರುವ ಈಗಿನ ಕೀಲಿಗಳನ್ನು ಹೊಸದಾಗಿ ಮಾಡಿಸುವುದು ದುಬಾರಿ.

ಹಂತ 5: ಒಟ್ಟು ಮೊತ್ತ, ಬರವಣಿಗೆ, ಡೆಲಿವರಿ

ಕಾರಿನ ಬೆಲೆ ಒಪ್ಪಿಗೆಯಾದ ಮೇಲೆ ಕಾಗದದಲ್ಲಿ ಹೊಸ ಸಾಲುಗಳು ಹುಟ್ಟಿಕೊಳ್ಳುತ್ತವೆ. ದಾಖಲೆ ಶುಲ್ಕ, ನಿರ್ವಹಣಾ ಶುಲ್ಕ, ಕೋಟಿಂಗ್, ಹೆಚ್ಚುವರಿ ವಾರಂಟಿ. ಅದಕ್ಕೇ ಮೊದಲ ಮಾತಿನಿಂದಲೇ "ಎಲ್ಲ ಖರ್ಚೂ ಸೇರಿ" ಎಂದು ಹೇಳಬೇಕು. ಸರ್ಕಾರಕ್ಕೆ ಕಟ್ಟುವ ತೆರಿಗೆ, ವರ್ಗಾವಣೆ ಶುಲ್ಕಕ್ಕೆ ರಸೀದಿ ಇರುತ್ತದೆ, ಅವು ಇಳಿಯುವುದಿಲ್ಲ. ಉಳಿದ ಪ್ರತಿ ಸಾಲಿಗೂ "ಇದು ಯಾಕೆ? ಬೇಡ ಅಂದ್ರೆ ಎಷ್ಟು ಕಡಿಮೆ ಆಗುತ್ತೆ?" ಎಂದು ಕೇಳಿ. ಹೆಚ್ಚುವರಿ ವಾರಂಟಿ ಮಾಡಿಸುವ ಮೊದಲು ಅದು ಏನನ್ನು ಒಳಗೊಳ್ಳುವುದಿಲ್ಲ ಎಂಬ ಪುಟ ಓದಿ. ಕ್ಲಚ್, ಬ್ರೇಕ್, ಬ್ಯಾಟರಿಯಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ.

ಮುಂಗಡ ಕೊಡುವ ಮೊದಲು ರಸೀದಿಯಲ್ಲಿ ಒಟ್ಟು ಮೊತ್ತ, ಕೊಡುತ್ತೇವೆಂದ ಕೆಲಸಗಳು (ಯಾವ ಟೈರ್, ಎಷ್ಟು), ಡೆಲಿವರಿ ತಾರೀಖು, ವಾರಂಟಿಯ ಅವಧಿ, ಸಾಲ ಮಂಜೂರಾಗದಿದ್ದರೆ ಅಥವಾ ದಾಖಲೆ ಸರಿಯಿಲ್ಲದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಮಾತು ಬರೆಸಿ, ಸಹಿ ಮತ್ತು ಮೊಹರು ಹಾಕಿಸಿ. ಬಾಯಿಮಾತಿನ ಭರವಸೆಗೆ ಮರುದಿನ ಬೆಲೆಯಿಲ್ಲ. ಕಾರಿನ 17 ಅಕ್ಷರಗಳ ಗುರುತಿನ ಸಂಖ್ಯೆಯನ್ನು ಗಾಜಿನ ಕೆಳಗೆ ಅಥವಾ ಬಾಗಿಲ ಕಂಬದಲ್ಲಿ ಓದಿ, ನೋಂದಣಿ ಪತ್ರದ ಸಂಖ್ಯೆಯೊಂದಿಗೆ ಒಂದೊಂದೇ ಅಕ್ಷರ ಹೋಲಿಸಿ. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. 1 ಮತ್ತು 0 ಜೊತೆ ಗೊಂದಲವಾಗಬಾರದೆಂದು ಕೈಬಿಟ್ಟಿದ್ದಾರೆ. ಆ ಅಕ್ಷರಗಳು ಕಂಡರೆ ತಪ್ಪಾಗಿ ಬರೆದಿದ್ದಾರೆ ಅಥವಾ ತಿದ್ದಿದ್ದಾರೆ. ಹಿಂದಿನ ಮಾಲೀಕರ ಸಾಲ ತೀರಿದ ಪತ್ರ ಕೈಗೆ ಬಾರದೆ ಬಾಕಿ ಹಣ ಕೊಡಬೇಡಿ.

ಡೆಲಿವರಿ ತೆಗೆದುಕೊಳ್ಳಲು ಬೆಳಕಿರುವಾಗಲೇ ಹೋಗಿ. ನೋಡಿಬಂದ ದಿನ ತೆಗೆದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಟೈರುಗಳು, ಬ್ಯಾಟರಿ, ಸ್ಟೆಪ್ನಿ, ಜಾಕ್, ಮ್ಯೂಸಿಕ್ ಸಿಸ್ಟಮ್ ಅವೇ ಇವೆಯೇ ನೋಡಿ. ಹೊಸ ಟೈರ್ ಹಾಕಿದ್ದೇವೆಂದರೆ ತಯಾರಾದ ವಾರ ಓದಿ. ಓಡೋಮೀಟರಿನ ಫೋಟೋ ತೆಗೆದು, ಅದೇ ಅಂಕಿಯನ್ನು ಡೆಲಿವರಿ ಪತ್ರದಲ್ಲಿ ಬರೆಸಿ. ಒಪ್ಪಿದ ಕೆಲಸದಲ್ಲಿ ಒಂದು ಬಾಕಿಯಿದ್ದರೂ ಅದರ ಮೊತ್ತವನ್ನು ಹಿಡಿದಿಟ್ಟುಕೊಂಡು, ಕೆಲಸ ಮುಗಿಯುವ ತಾರೀಖನ್ನು ಅದೇ ಪತ್ರದಲ್ಲಿ ಬರೆಸಿದ ಮೇಲೆ ಸಹಿ ಹಾಕಿ.